ಆಟಗಾರರ ಕೈಬೆರಳಿನ ಪೆಟ್ಟು: ಎಣ್ಣೆಯೋ, ಶಸ್ತ್ರಚಿಕಿತ್ಸೆಯೋ?

ಇಷ್ಟಲಿಂಗಕ್ಕೆ ಪೀಠವಾಗುವ ಕರಸ್ಥಳವೇ ನಮ್ಮ ಕಾಯಕಕ್ಕೂ ಆಧಾರ. ಆದರೂ ಕಬಡ್ಡಿ, ವಾಲಿಬಾಲ್, ಕುಸ್ತಿಗಳಲ್ಲಿ ಬೆರಳಿಗೆ ಪೆಟ್ಟಾದರೆ ಅದನ್ನು ಉಳುಕೆಂದು ಬಗೆದು, ಎಣ್ಣೆ ತಿಕ್ಕಿ ಸುಮ್ಮನಾಗುವವರೇ ಹೆಚ್ಚು.

ಹಲವು ವರ್ಷಗಳ ಹಿಂದೆ ಕಬಡ್ಡಿ ಆಡುವ ಯುವಕನೊಬ್ಬನು ನನ್ನಲ್ಲಿಗೆ ಬಂದನು. ಎದುರಾಳಿಯ ಅಂಗಿಯನ್ನು ಹಿಡಿದೆಳೆಯುವಾಗ ಅವನ ಉಂಗುರ ಬೆರಳಿಗೆ ಪೆಟ್ಟಾಗಿತ್ತು. ಬೆರಳ ತುದಿಯನ್ನು ಮಡಚಿಸಿ ನೋಡದೆ ನಾನೂ ತೈಲವನ್ನು ಕೊಟ್ಟು ಕಳುಹಿಸಿದೆನು. ಎರಡು ತಿಂಗಳ ಬಳಿಕ ನೋವು ಹೋಗಿತ್ತು. ತುದಿ ಮಾತ್ರ ಮಡಚುತ್ತಿರಲಿಲ್ಲ. ಸ್ನಾಯುರಜ್ಜು ಮೂಳೆಯಿಂದ ಕಿತ್ತು ಅಂಗೈಯೊಳಗೆ ಸರಿದಿತ್ತು. ಇಂತಹ ರಜ್ಜುವನ್ನು ಸಾಮಾನ್ಯವಾಗಿ 7ರಿಂದ 10 ದಿನಗಳೊಳಗೆ ಶಸ್ತ್ರಚಿಕಿತ್ಸೆಯಿಂದ ಮರಳಿ ಮೂಳೆಗೆ ಜೋಡಿಸಬೇಕು. ತಡವಾದರೆ ಅದು ಕುಗ್ಗಿ ಜೋಡಣೆ ಕಠಿಣವಾಗುತ್ತದೆ. ಆ ತಪ್ಪು ನನ್ನದು. ಅದು ಮರುಕಳಿಸಬಾರದೆಂದೇ ಈ ಬರಹ.

ಎಲ್ಲ ಪೆಟ್ಟಿಗೂ ಶಸ್ತ್ರ ಬೇಕಿಲ್ಲ. ಚೆಂಡು ಬಡಿದು ಬೆರಳ ತುದಿ ಜೋತುಬಿದ್ದರೆ, 6ರಿಂದ 8 ವಾರ ಅದನ್ನು ಬಾಗಿಸದೆ ನೇರವಾಗಿ ಕಟ್ಟಿಟ್ಟರೆ ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ. ನಮ್ಮ ಸಾಣಾಪುರದ ಬಂಡೆಗಳನ್ನು ಏರಲು ದೇಶವಿದೇಶಗಳಿಂದ ಜನ ಬರುತ್ತಾರೆ. ಬಂಡೆಯ ಸಣ್ಣ ಅಂಚಿನಲ್ಲಿ ದೇಹದ ಭಾರವೆಲ್ಲ ಬೆರಳ ಮೇಲೆ ಬಿದ್ದಾಗ, ರಜ್ಜುವನ್ನು ಮೂಳೆಗೆ ಒತ್ತಿ ಹಿಡಿಯುವ ಬಳೆಯಂತಹ ಪಟ್ಟಿ ಹರಿಯುವುದುಂಟು. ಒಂದೇ ಹರಿದರೆ ಕಟ್ಟು ಮತ್ತು ವಿಶ್ರಾಂತಿ ಸಾಕಾಗುತ್ತದೆ. ಹಲವು ಹರಿದರೆ ಶಸ್ತ್ರಚಿಕಿತ್ಸೆ ಅಗತ್ಯವಾಗಬಹುದು.

ಮುಷ್ಟಿಯ ಗೆಣ್ಣಿನ ಪೆಟ್ಟು ಇನ್ನೂ ಸೂಕ್ಷ್ಮವಾದುದು. ಮುಷ್ಟಿ ಕಟ್ಟಿದಾಗ ಒಂದು ಬೆರಳು ಇನ್ನೊಂದರ ಮೇಲೆ ಏರಿದರೆ ಮೂಳೆ ಮುರಿದು ತಿರುಚಿಕೊಂಡಿರಬಹುದು. ಆಗ ತಂತಿ ಅಥವಾ ಪಟ್ಟಿಕೆಯಿಂದ ನಿಲ್ಲಿಸಬೇಕಾಗುತ್ತದೆ. ಎದುರಾಳಿಯ ಹಲ್ಲು ತಗುಲಿ ಗೆಣ್ಣಿಗೆ ಗಾಯವಾದರೆ, ಅದು ಎಷ್ಟೇ ಚಿಕ್ಕದಿರಲಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸೋಂಕು ಕೀಲಿಗಿಳಿದರೆ ಅದನ್ನು ತೆರೆದು ತೊಳೆಯಬೇಕಾದೀತು.

ಪೆಟ್ಟಾದೊಡನೆ ಉಂಗುರವನ್ನು ತೆಗೆಯಿರಿ. ಕೈಯನ್ನು ಎತ್ತರದಲ್ಲಿಡಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಇಡಿ. ತಿಕ್ಕಬೇಡಿ, ಎಳೆಯಬೇಡಿ. ತುದಿ ಮಡಚದಿದ್ದರೆ, ನೇರವಾಗದಿದ್ದರೆ, ಜೋಮು ಹಿಡಿದಿದ್ದರೆ ಎಕ್ಸ್‌ರೇ ತೆಗೆಸಿ ಮೂಳೆ ತಜ್ಞರನ್ನು ಕಾಣಿರಿ. ರಜ್ಜು ಹರಿದುದು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು.

ಇದು ಆಯುರ್ವೇದಕ್ಕೆ ಹೊರತಾದ ಮಾತಲ್ಲ. ಕಟ್ಟು ಸಡಿಲವಾದರೆ ಕೀಲು ಸ್ಥಿರವಾಗದು, ಬಿಗಿಯಾದರೆ ಬಾವು ಬರುತ್ತದೆ ಎಂದು ಸುಶ್ರುತ ಸಂಹಿತೆ ಎಚ್ಚರಿಸುತ್ತದೆ. ಅಂಗೈಯ ಭಗ್ನ ಕೂಡಿದ ಮೇಲೆ ಮೊದಲು ಮಣ್ಣಿನ ಮುದ್ದೆ, ಅನಂತರ ಉಪ್ಪಿನ ಗಟ್ಟಿ, ಬಲ ಬಂದ ಬಳಿಕ ಕಲ್ಲು ಹಿಡಿಸಬೇಕೆಂಬ ಕ್ರಮವೂ ಅಲ್ಲಿದೆ. ತೈಲಕ್ಕೂ ವ್ಯಾಯಾಮಕ್ಕೂ ಅದೇ ಸಕಾಲ. ಕಲ್ಲು ಹಿಡಿಯುವ ಆತುರ ಮೊದಲೇ ಬೇಡ.