ಫ್ಯೂಜಿನ ಅಂಕಿ ಓದೋಣ

ನಮ್ಮ ತೆಂಗಳಿಯ ತೊಗರಿ ಚೀಲ ಹಳೆಯ ಪಿಕಪ್ ಗಾಡಿಯಲ್ಲಿ ಪೇಟೆಗೆ ಹೊರಟಿತ್ತು. ರಾತ್ರಿ ದಾರಿಯಲ್ಲಿ ಲೈಟು ಆರಿತು.

"ಫ್ಯೂಜ್ ಹಾರ್ಯದ. ತಂತಿ ಸುತ್ರಿ, ನಡೀತದ" ಅಂದರು ಒಬ್ಬರು. ನಾವು ಸುತ್ತಿದೆವು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಗಾಡಿ ನಿಲ್ಲಿಸಿ ಬ್ಯಾಟರಿ ವೈರು ಬಿಚ್ಚಿದೆವು. ಜೀವ ಉಳಿಯಿತು, ತೊಗರಿಯೂ ಉಳಿಯಿತು.

ಯಾಕೆ ಹೀಗಾಯಿತು?

ಫ್ಯೂಜಿನೊಳಗೆ ಸಣ್ಣ ಪಟ್ಟಿ ಇದೆ. ಕರೆಂಟು ಹೆಚ್ಚಾದರೆ ಅದು ಕರಗುತ್ತದೆ. ವೈರು ಉಳಿಯುತ್ತದೆ. ದಪ್ಪ ತಂತಿ ಕರಗುವುದಿಲ್ಲ. ಆಗ ವೈರೇ ಸುಡುತ್ತದೆ.

ನಾವು ಏನು ಮಾಡೋಣ?

1. ಗಾಡಿ ಬಂದ್ ಮಾಡೋಣ. ಬ್ಯಾಟರಿಯ ಮೈನಸ್ (–) ವೈರು ಮೊದಲು ಬಿಚ್ಚೋಣ.
2. ಫ್ಯೂಜ್ ಡಬ್ಬಿಯ ಮುಚ್ಚಳ ಓದೋಣ. ಅಲ್ಲಿರುವ ಅಂಕಿಯ ಫ್ಯೂಜನ್ನೇ ಹಾಕೋಣ. ಚಪ್ಪಟೆ ಫ್ಯೂಜಿನಲ್ಲಿ 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು.
3. ಮತ್ತೆ ಹಾರಿದರೆ ಎಲ್ಲೋ ವೈರು ತಾಗಿರಬಹುದು. ಹುಡುಕಿ ಸರಿಮಾಡೋಣ. ಸಿಗದಿದ್ದರೆ ಮೆಕ್ಯಾನಿಕ್‌ಗೆ ತೋರಿಸೋಣ.
4. ಹೊಸ ರೇಡಿಯೊ, ಮೊಬೈಲ್ ಚಾರ್ಜರ್ ಕೂಡಿಸಿದರೆ ಅದಕ್ಕೆ ಬೇರೆ ಫ್ಯೂಜು ಬೇಕು. ಬ್ಯಾಟರಿಯ ಹತ್ತಿರವೇ ಹಾಕೋಣ.

ಅಂದು ಮುಚ್ಚಳದ ಮೇಲೆ ಅಂಕಿ ಇತ್ತು. ನಾವು ಓದಲಿಲ್ಲ. ಇನ್ನು ಓದೋಣ.

ಬರೆಯಿರಿ: ಫ್ಯೂಜು, ತಂತಿ, ಬ್ಯಾಟರಿ.
ಹೇಳಿರಿ: ನೀಲಿ ಫ್ಯೂಜಿನ ಅಂಕಿ ಎಷ್ಟು?