ಆಧಾರ್ ಇಲ್ಲದ ನಿರಾಶ್ರಿತರಿಗೂ ಮನೋಚಿಕಿತ್ಸೆಯ ಹಕ್ಕಿದೆ

ಮ್ಯಾನ್ಮಾರ್, ಅಫ್ಘಾನಿಸ್ತಾನಗಳಿಂದ ಜೀವ ಉಳಿಸಿಕೊಂಡು ಬಂದವರು ನಿದ್ದೆಗೆಟ್ಟು, ಬಾಗಿಲು ತಟ್ಟಿದರೂ ಬೆಚ್ಚಿಬೀಳುವ ಸ್ಥಿತಿಯಲ್ಲಿದ್ದರೂ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹೆದರುತ್ತಾರೆ. ಚೀಟಿ ಬರೆಯುವ ಕಿಟಕಿಯಲ್ಲಿ ಆಧಾರ್ ಕೇಳುತ್ತಾರೆಂಬುದೇ ಆ ಹೆದರಿಕೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿಜ. ಆದರೆ ನಮ್ಮದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು ಸರ್ಕಾರಿ ಮನೋಚಿಕಿತ್ಸೆಯ ಹಕ್ಕನ್ನು ಪೌರತ್ವಕ್ಕೆ ಕಟ್ಟಿಹಾಕದೆ ಪ್ರತಿಯೊಬ್ಬರಿಗೂ ಕೊಟ್ಟಿದೆ. ಕಡುಬಡವರಿಗೆ, ಬಿಪಿಎಲ್ ಕಾರ್ಡ್ ಇರಲಿ ಬಿಡಲಿ, ಚಿಕಿತ್ಸೆ ಉಚಿತ. ಇಷ್ಟು ಸ್ಪಷ್ಟವಾಗಿದ್ದರೂ ಕಾಯ್ದೆ ಓದದ ಗುಮಾಸ್ತರು ರೋಗಿಯನ್ನು ಬಾಯಿಮಾತಿನಲ್ಲೇ ವಾಪಸು ಕಳಿಸುವುದು ಅಕ್ಷಮ್ಯ.

ಜನ ಮುಳುಗುವುದು ಇಲ್ಲಿಯೇ. ಕಿಟಕಿಯಿಂದ ಹಿಂದಿರುಗಿದವರನ್ನು ದಲ್ಲಾಳಿ ಹಿಡಿಯುತ್ತಾನೆ, ದುಡ್ಡು ಕಿತ್ತು ಸುಳ್ಳು ವಿಳಾಸದ ಆಧಾರ್ ಮಾಡಿಸಿಕೊಡುತ್ತಾನೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಚಿಕಿತ್ಸೆಗೆ ಬೇಕಾಗಿಯೇ ಇರದ ಆ ಕಾರ್ಡು ಸಂತ್ರಸ್ತರನ್ನು ಆರೋಪಿಗಳನ್ನಾಗಿ ಮಾಡುತ್ತದೆ. ದಲ್ಲಾಳಿ ಜಾಮೀನಿಗೆ ಬರುವುದಿಲ್ಲ. ಕಾನೂನುಬದ್ಧವಾಗಿ ಆಧಾರ್ ಪಡೆದ ವಿದೇಶಿಯರೂ ಇದ್ದಾರೆ, ಏಕೆಂದರೆ ಅದು ವಾಸದ ಗುರುತು, ಪೌರತ್ವದ್ದಲ್ಲ. ಆ ಮಾತು ಬೇರೆ. ಆಧಾರ್ ಇಲ್ಲದವರು ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡ್ ಇದ್ದರೆ ತೋರಿಸಲಿ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಲಿ. ಕೊಡುವುದು ಅನುಮಾನವೇ, ಆಗ ವೈದ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಅಲ್ಲೂ ಕೆಲಸವಾಗದಿದ್ದರೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಹೋಗಬಹುದು. ಇದಕ್ಕೆ ಉಚಿತ ವಕೀಲರ ನೆರವು ಅದೇ ಕಾಯ್ದೆಯ 27ನೇ ಕಲಮಿನ ಹಕ್ಕು; ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ.

ನಮ್ಮವರಿಗೇ ಹಾಸಿಗೆ ಸಾಲದಿರುವಾಗ ಹೊರಗಿನವರಿಗೇಕೆ ಎಂಬ ಆಕ್ಷೇಪ ಬರುತ್ತದೆ. ಕೊರತೆ ನಿಜ, ಆದರೆ ಅದನ್ನು ನೀಗಿಸಬೇಕಾದದ್ದು ಸರ್ಕಾರ. ರೋಗಿಯನ್ನು ಹೊರದಬ್ಬಿದರೆ ಹಾಸಿಗೆ ಹೆಚ್ಚುವುದಿಲ್ಲ. ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ, 1996ರಲ್ಲೇ, ಪೌರರಲ್ಲದವರ ಜೀವವನ್ನೂ ಕಾಯುವುದು ರಾಜ್ಯದ ಕರ್ತವ್ಯವೆಂದು ಸುಪ್ರೀಂ ಕೋರ್ಟ್ ಹೇಳಿದೆ. ಹೊರದಬ್ಬುವುದರಿಂದ ಇನ್ನೊಂದು ಹಾನಿಯೂ ಇದೆ: ಚಿಕಿತ್ಸೆ ಸಿಗದವರು ನಿರಾಶ್ರಿತರೆಂಬ ಮಾನ್ಯತೆಗಾಗಿ ನಡೆಯುವ ಸಂದರ್ಶನದಲ್ಲಿ ದಿನಾಂಕ, ಘಟನೆಗಳನ್ನು ಗೊಂದಲ ಮಾಡಿಕೊಳ್ಳಬಹುದು, ಆ ಗೊಂದಲವನ್ನೇ ಸುಳ್ಳೆಂದು ಎಣಿಸುವ ಅಪಾಯವೂ ಇದೆ.

ಒಂದು ಎಚ್ಚರಿಕೆ ಹೇಳಲೇಬೇಕು. ವಿದೇಶಿಯರು ಒಳರೋಗಿಯಾಗಿ ದಾಖಲಾದರೆ, 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಂತೆ ಆಸ್ಪತ್ರೆ ನೋಂದಣಾಧಿಕಾರಿಗೆ ಮಾಹಿತಿ ಕೊಡಬೇಕಾಗುತ್ತದೆ. ವೀಸಾ, ನೋಂದಣಿಯ ತೊಡಕಿರುವವರು ವಕೀಲರೊಡನೆ ಮೊದಲು ಮಾತಾಡುವುದು ಒಳ್ಳೆಯದು. ಆತ್ಮಹತ್ಯೆಯ ಯೋಚನೆ ಬರುತ್ತಿದ್ದರೆ ಮಾತ್ರ ಯಾವ ಕಾಗದಕ್ಕೂ ಕಾಯದೆ ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು.