ನೀರು ಕುದಿಯುವ ಪಾಠ

ಖಾನಾಪುರ ತಾಲೂಕಿನ ಬೀಡಿಯಲ್ಲಿ ವಿದ್ಯಾರ್ಥಿಯೊಬ್ಬನು ಕುದಿಯುವ ನೀರಿನ ಉಷ್ಣತೆಯನ್ನು ಅಳೆಯುತ್ತಿರುವನೆನ್ನೋಣ. ಮಾಪಕವು ಸರಿಯಾಗಿದ್ದರೆ ಪಾದರಸವು 98 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ನಿಲ್ಲುತ್ತದೆ. ಪುಸ್ತಕದಲ್ಲಿರುವುದು 100. ಅವನು ಯಾವುದನ್ನು ನಂಬಬೇಕು? ಅಂಜಿ 100 ಎಂದೇ ಬರೆದನಾದರೆ ವಿಜ್ಞಾನವು ಅಲ್ಲಿಗೇ ಮುಗಿಯಿತು.

ಬೆಳಗಾವಿ ಸೀಮೆಯು ಸಮುದ್ರಮಟ್ಟದಿಂದ ಸುಮಾರು 700 ಮೀಟರು ಎತ್ತರದಲ್ಲಿದೆ. ಮೇಲೇರಿದಂತೆ ವಾಯುವಿನ ಒತ್ತಡವು ಕಡಮೆಯಾಗಿ, ಪ್ರತಿ 300 ಮೀಟರಿಗೆ ಕುದಿಬಿಂದುವು ಸುಮಾರು 1 ಡಿಗ್ರಿ ಇಳಿಯುತ್ತದೆ.

ಇಂಥ ತೊಡಕನ್ನು ಒಬ್ಬ ಉಪಾಧ್ಯಾಯರು ಮೊದಲೇ ಕಾಣುವುದು ಕಷ್ಟ. ನಾಲ್ವರು ಕೂಡಿದರೆ ಸುಲಭ. ಜಪಾನಿನಲ್ಲಿ ಇದಕ್ಕೆ ‘ಜುಗ್ಯೊ ಕೆಂಕ್ಯು’, ಎಂದರೆ ಪಾಠಾಧ್ಯಯನ, ಎಂಬ ಪದ್ಧತಿಯುಂಟು. ಉಪಾಧ್ಯಾಯರು ಒಟ್ಟುಗೂಡಿ ಒಂದು ಪಾಠವನ್ನು ಯೋಜಿಸಿ, ಮಕ್ಕಳ ಉತ್ತರಗಳನ್ನು ಮುಂದಾಗಿ ಊಹಿಸುವರು. ಒಬ್ಬರು ಬೋಧಿಸುವಾಗ ಉಳಿದವರು ಬೋಧಕರನ್ನಲ್ಲ, ಮಕ್ಕಳನ್ನು ಗಮನಿಸುವರು. ಬಳಿಕ ಚರ್ಚಿಸಿ ಪಾಠವನ್ನು ತಿದ್ದುವರು. 1999ರಲ್ಲಿ ಸ್ಟಿಗ್ಲರ್ ಮತ್ತು ಹೀಬರ್ಟ್ ಬರೆದ ‘ದಿ ಟೀಚಿಂಗ್ ಗ್ಯಾಪ್’ ಗ್ರಂಥದಿಂದ ಈ ಪದ್ಧತಿಯು ಹೊರನಾಡುಗಳಲ್ಲಿ ಪ್ರಸಿದ್ಧವಾಯಿತು.

ನಮ್ಮ ರಾಜ್ಯದಲ್ಲಿಯೂ ಸಮೂಹ ಸಂಪನ್ಮೂಲ ಕೇಂದ್ರಗಳಲ್ಲಿ ಶಿಕ್ಷಕರು ಸಮಾಲೋಚನಾ ಸಭೆ ಸೇರುವ ರೂಢಿಯಿದೆ. ಅಲ್ಲಿ ಇದೊಂದು ಪಾಠವನ್ನು ಕೂಡಿ ಯೋಜಿಸಬಾರದೇಕೆ? “98 ಏಕೆ?” ಎಂಬ ಪ್ರಶ್ನೆಯಿಂದಲೇ ಪಾಠವು ಮೊದಲಾದರೆ, ವಿದ್ಯಾರ್ಥಿಯು ತಾನು ಕಂಡದ್ದನ್ನು ಧೈರ್ಯದಿಂದ ಬರೆಯುವನು.